ಮಂತ್ರಿಗಳ ಕೊಠಡಿಯೋ, ಸದನವೋ?

ಓದುಗರ ಪತ್ರ: "ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲ. ಹೆರಿಗೆಗೆ ಬಂದವರಿಗೆ ಸಿಸೇರಿಯನ್ ಬೇಕಾದರೆ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟು ಕಳಿಸುತ್ತಾರೆ. ಈ ಬಗ್ಗೆ ನಮ್ಮ ಶಾಸಕರು ವಿಧಾನಸಭೆಯಲ್ಲಿ ಪ್ರಶ್ನೆ ಹಾಕಿದರು. 'ಗಮನಕ್ಕೆ ಬಂದಿದೆ. ತಜ್ಞ ವೈದ್ಯರನ್ನು ಒದಗಿಸುವ ವಿಷಯ ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಅದರ ಬದಲು ಅವರು ಸುಮ್ಮನೆ ಮಂತ್ರಿಗಳ ಕೊಠಡಿಗೆ ಹೋಗಿ ಒಂದು ಪತ್ರ ಕೊಟ್ಟು ಬಂದಿದ್ದರೆ ಇಷ್ಟರಲ್ಲಿ ಡಾಕ್ಟರು ಬಂದಿರುತ್ತಿದ್ದರು. ಯಾರಿಗೂ ಪ್ರಯೋಜನವಿಲ್ಲದ ಈ ಪ್ರಶ್ನೋತ್ತರಕ್ಕೆ ನೀವು ಪುಟಗಟ್ಟಲೆ ಜಾಗ ಕೊಡುವುದೇಕೆ?" – ನಿವೃತ್ತ ಶಿಕ್ಷಕರು (ಹೆಸರು ಬೇಡವೆಂದಿದ್ದಾರೆ)

ಮೇಷ್ಟ್ರೇ,

ಕೊಠಡಿಗೆ ಹೋಗಿ ಪತ್ರ ಕೊಟ್ಟಿದ್ದರೆ ಡಾಕ್ಟರು ಬಂದಿರಬಹುದಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು ಎಲ್ಲಿಂದ ಬರುತ್ತಿದ್ದರು ಎಂದು ಒಮ್ಮೆ ಯೋಚಿಸಿ. ಅರಿವಳಿಕೆ ತಜ್ಞರೇನು ಮಂತ್ರಿಗಳ ಮೇಜಿನ ಖಾನೆಯಲ್ಲಿರುವುದಿಲ್ಲ. ಪಕ್ಕದ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದ್ದವರನ್ನೇ ವರ್ಗ ಮಾಡಿಯೋ ನಿಯೋಜನೆಯ ಮೇಲೋ ನಿಮ್ಮೂರಿಗೆ ಕಳಿಸುತ್ತಿದ್ದರು. ಆಮೇಲೆ ಆಂಬುಲೆನ್ಸ್ ಹತ್ತಿ ಜಿಲ್ಲಾಸ್ಪತ್ರೆಯ ದಾರಿ ಹಿಡಿಯುವ ಸರದಿ ಆ ತಾಲ್ಲೂಕಿನ ಬಸುರಿಯರದ್ದು. ಅಲ್ಲಿಯ ಶಾಸಕರು ಗಟ್ಟಿಗರಾದರೆ ಅವರೂ ಒಂದು ಪತ್ರ ಹಿಡಿದು ಬರುತ್ತಾರೆ. ವಿರೋಧ ಪಕ್ಷದವರೋ ಹೊಸಬರೋ ಆಗಿದ್ದರೆ ಅವರ ಪತ್ರ ಕಡತದಲ್ಲೇ ಉಳಿಯುತ್ತದೆ. ಕೊಠಡಿಯಲ್ಲಿ ನಡೆಯುವುದು ಉಪಕಾರ. ಉಪಕಾರಕ್ಕೆ ಲೆಕ್ಕಪತ್ರ ಇರುವುದಿಲ್ಲ, ಇವತ್ತು ಮಾಡಿದ್ದನ್ನು ನಾಳೆ ಹಿಂತೆಗೆದುಕೊಂಡರೆ ಕೇಳುವವರೂ ಇರುವುದಿಲ್ಲ. ನಾಡಿಗೆಲ್ಲ ಸಲ್ಲಬೇಕಾದ ಆಸ್ಪತ್ರೆ, ಪಡಿತರ, ಶಾಲೆ, ಬಸ್ಸು ಇವು ಶಾಸಕರ ಪ್ರಭಾವದ ಅಳತೆಗೆ ತಕ್ಕಂತೆ ಸಿಗಬಾರದು ಎಂಬ ಒಂದೇ ಕಾರಣಕ್ಕೆ ನಾನು ಪ್ರಶ್ನೋತ್ತರ ವೇಳೆಯ ಪರವಾಗಿ ನಿಲ್ಲುತ್ತೇನೆ.

ಸದನದಲ್ಲಿ ಪ್ರಶ್ನೆ ಬಿದ್ದಾಗ ಆಗುವುದೇ ಬೇರೆ. ಸರ್ಕಾರಿ ಕಚೇರಿಗಳಲ್ಲಿ ಇದನ್ನು 'ಎಲ್‌ಎಕ್ಯೂ' ಎನ್ನುತ್ತಾರೆ, ಅಂದರೆ ಲೆಜಿಸ್ಲೇಟಿವ್ ಅಸೆಂಬ್ಲಿ ಕ್ವೆಶ್ಚನ್; ವಿಧಾನ ಪರಿಷತ್ತಿನದಾದರೆ ಲೆಜಿಸ್ಲೇಟಿವ್ ಕೌನ್ಸಿಲ್ ಕ್ವೆಶ್ಚನ್, 'ಎಲ್‌ಸಿಕ್ಯೂ'. ಸಾಮಾನ್ಯ ಅರ್ಜಿಗೆ ತಿಂಗಳುಗಟ್ಟಲೆ ತಲೆ ಎತ್ತಿ ನೋಡದ ಮೇಜುಗಳೂ 'ಎಲ್‌ಎಕ್ಯೂ ಬಂದಿದೆ, ಸಂಜೆಯೊಳಗೆ ಮಾಹಿತಿ ಬೇಕು' ಎಂಬ ಫೋನು ಬಂದ ಕೂಡಲೇ ಎದ್ದು ಕೂರುತ್ತವೆ. ಸಚಿವಾಲಯದ ಶಾಖೆಯಿಂದ ಇಲಾಖೆಯ ಆಯುಕ್ತರಿಗೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಗೆ, ಅವರಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ ಪ್ರಶ್ನೆ ಇಳಿಯುತ್ತದೆ. ಉತ್ತರ ಅದೇ ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಲ್ಲೂ ಒಂದು ಸಹಿ ಹೊತ್ತು, ಮಂತ್ರಿಗಳ ಹೆಸರಿನಲ್ಲಿ ಸದನಕ್ಕೆ ಬರುತ್ತದೆ. ಬೇಕೆಂದೇ ಸುಳ್ಳು ಉತ್ತರ ಕೊಟ್ಟರೆ ಅದು ಸದನದ ಹಕ್ಕುಚ್ಯುತಿ. ಮಂತ್ರಿಮಂಡಲ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ ಎಂದು ಸಂವಿಧಾನದ 164(2)ನೇ ವಿಧಿ ಹೇಳುತ್ತದಲ್ಲ, ಆ ಹೊಣೆ ದಿನನಿತ್ಯದ ಆಡಳಿತಕ್ಕೆ ತಟ್ಟುವುದು ಹೀಗೆ, ಒಬ್ಬ ತಾಲ್ಲೂಕು ಅಧಿಕಾರಿ ಖಾಲಿ ಹುದ್ದೆಗಳನ್ನು ಎಣಿಸಿ ಬರೆದು ಸಹಿ ಹಾಕುವ ಆ ಹೊತ್ತಿನಲ್ಲಿ.

ಇನ್ನು ನಿಮ್ಮನ್ನು ಕೆರಳಿಸಿದ ಆ ವಾಕ್ಯಕ್ಕೆ ಬರೋಣ. 'ಪರಿಶೀಲನೆಯಲ್ಲಿದೆ.' ಸದನ ಈ ಮಾತನ್ನು ನೀವು ತಿಳಿದಷ್ಟು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದಿದೆ. ಮಂತ್ರಿಗಳು ಆಡುವ ಯಾವ ಯಾವ ಮಾತು ಭರವಸೆಯಾಗುತ್ತದೆ ಎಂದು ಆ ಸಮಿತಿ ಪಟ್ಟಿ ಮಾಡಿಟ್ಟುಕೊಂಡಿದೆ. 'ವಿಷಯ ಪರಿಶೀಲನೆಯಲ್ಲಿದೆ', 'ನೋಡುತ್ತೇನೆ', 'ವಿಚಾರಿಸಲಾಗುತ್ತಿದೆ' ಈ ಥರದ ಮಾತುಗಳೆಲ್ಲ ಆ ಪಟ್ಟಿಯಲ್ಲಿವೆ. ಜಾರಿಕೊಳ್ಳಲೆಂದು ಆಡಿದ ಮಾತೇ ಕಟ್ಟಿಹಾಕುವ ಮಾತೂ ಆಗುತ್ತದೆ. ಅಲ್ಲಿ ಭರವಸೆ ಈಡೇರಿಸಲು ಮೂರು ತಿಂಗಳ ಗಡುವು; ಆಗದಿದ್ದರೆ ಸಮಿತಿಯ ಮುಂದೆ ಹೋಗಿ ಕಾಲಾವಕಾಶ ಕೇಳಬೇಕು. ನಮ್ಮ ವಿಧಾನಸಭೆಗೂ ವಿಧಾನ ಪರಿಷತ್ತಿಗೂ ಇಂಥ ಸಮಿತಿಗಳಿವೆ. ಭರವಸೆಗಳು ವರ್ಷಗಟ್ಟಲೆ ಬಾಕಿ ಬೀಳುವುದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಕಿ ಎಂದು ಬರೆದಿಟ್ಟ ಒಂದು ಪಟ್ಟಿಯಾದರೂ ಇದೆ. ಕೊಠಡಿಯಲ್ಲಿ ಕೊಟ್ಟ ಮಾತಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಈಗ ನಿಮ್ಮ ಶಾಸಕರ ಪ್ರಶ್ನೆಯ ಬಗ್ಗೆ ನೇರವಾಗಿ ಹೇಳಬೇಕು. ಅವರು ಕೇಳಿದ್ದು ಒಳ್ಳೆಯದೇ, ಕೇಳಿದ ರೀತಿ ಸಡಿಲ. ನೀವು ಲಗತ್ತಿಸಿದ ಪ್ರತಿ ನನ್ನ ಮುಂದಿದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) 'ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎದುರಿಗೆ 'ಬಂದಿದೆ.' (ಆ) 'ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?' ಎದುರಿಗೆ ನೀವು ಬರೆದ ಆ ವಾಕ್ಯ. ಗಮನಕ್ಕೆ ಬಂದಿದೆಯೇ ಎಂದು ಕೇಳಿದರೆ ಬಂದಿದೆ ಎಂದೇ ಹೇಳುತ್ತಾರೆ. ಕ್ರಮವೇನು ಎಂದರೆ ಪರಿಶೀಲನೆ ಎನ್ನುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಟ್ಟಂತೆಯೂ ಆಯಿತು, ಏನೂ ಹೇಳದಂತೆಯೂ ಆಯಿತು. ಇಂಥ ಪ್ರಶ್ನೆಗಳನ್ನು ನಾನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ, ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅಷ್ಟು ಜನರ ಪೈಕಿ ಯಾರ ಪ್ರಶ್ನೆಗೆ ಸರದಿ ಎಂದು ಚೀಟಿ ಎತ್ತುವ ಬ್ಯಾಲೆಟ್ಟಿನಲ್ಲಿ ಹೆಸರು ಬಂದು ಸಿಕ್ಕ ಅವಕಾಶವನ್ನು ಯಾರಾದರೂ ಹೀಗೆ ಕಳೆಯುತ್ತಾರೆಯೇ?

ಆರೋಗ್ಯ ಇಲಾಖೆಯ ಹುದ್ದೆಯ ಲೆಕ್ಕದಲ್ಲಿ ಮಂಜೂರಾದದ್ದು, ಭರ್ತಿಯಾದದ್ದು, ಖಾಲಿ ಇರುವುದು ಎಂದು ಮೂರು ಅಂಕಣಗಳಿರುತ್ತವೆ. ಜನರನ್ನು ಸತಾಯಿಸುವುದು ಈ ಅಂಕಣಗಳಲ್ಲಿ ಕಾಣದ ನಾಲ್ಕನೆಯದು, ನಿಯೋಜನೆ. ನಿಮ್ಮೂರ ಆಸ್ಪತ್ರೆಯ ಹುದ್ದೆಯ ಮೇಲೆ ಸಂಬಳ ಪಡೆಯುವ ಡಾಕ್ಟರು ಬೇರೆ ಊರಿನ ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಕೆಲಸ ಮಾಡುತ್ತಿರಬಹುದು. ಆಗ ಕಾಗದದ ಮೇಲೆ ಹುದ್ದೆ ಖಾಲಿ ಇಲ್ಲ. ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಮನುಷ್ಯರಿಲ್ಲ. ತುರ್ತು ಹೆರಿಗೆಗೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಒಂದೇ ಹೊತ್ತಿಗೆ ಒಂದೇ ಕಟ್ಟಡದಲ್ಲಿ ಇರಬೇಕು. ಮೂವರಲ್ಲಿ ಒಬ್ಬರ ನಿಯೋಜನೆಯಾದರೆ ಉಳಿದ ಇಬ್ಬರ ಕೈಯೂ ಕಟ್ಟಿದಂತೆ.

ಆದ್ದರಿಂದ ಪ್ರಶ್ನೆ ಹೀಗಿರಬೇಕಿತ್ತು: ಈ ಆಸ್ಪತ್ರೆಗೆ ಮಂಜೂರಾದ ತಜ್ಞ ಹುದ್ದೆಗಳೆಷ್ಟು, ಪ್ರತಿ ಹುದ್ದೆಯಲ್ಲಿರುವವರು ಈ ದಿನ ವಾಸ್ತವವಾಗಿ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ನಿಯೋಜನೆಯಾಗಿದ್ದರೆ ಯಾರ ಆದೇಶದಂತೆ, ಯಾವ ದಿನಾಂಕದಿಂದ? ಕಳೆದ ಒಂದು ವರ್ಷದಲ್ಲಿ ಇಲ್ಲಿಂದ ಜಿಲ್ಲಾಸ್ಪತ್ರೆಗೆ ಕಳಿಸಿದ ಹೆರಿಗೆ ಪ್ರಕರಣಗಳೆಷ್ಟು? ಇದೇ ಮಾಹಿತಿ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ಸಂಬಂಧಿಸಿದಂತೆ ಏನು? ಈ ಪ್ರಶ್ನೆಗೆ 'ಬಂದಿದೆ' ಎಂದು ಉತ್ತರಿಸಲಾಗುವುದಿಲ್ಲ. ಅಂಕಿ ಕೊಡಲೇಬೇಕು, ಅನುಬಂಧ ಹಚ್ಚಲೇಬೇಕು. ಆ ಅನುಬಂಧ ನಿಮ್ಮೂರಿನದಷ್ಟೇ ಅಲ್ಲ, ಪಕ್ಕದ ತಾಲ್ಲೂಕಿನ ಬಸುರಿಯರದ್ದೂ ಆಗಿರುತ್ತದೆ. ನಾನು ಮೊದಲು ಹೇಳಿದ ಮಾತಿನ ಅರ್ಥ ಇದೇ.

ಇಷ್ಟಾದ ಮೇಲೂ ಉತ್ತರ ಜಾರಿಕೊಂಡರೆ ಉಪಪ್ರಶ್ನೆ ಇದೆ. ಚುಕ್ಕೆ ಗುರುತಿನ ಪ್ರಶ್ನೆಯ ಜೀವವೇ ಅದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬಂದು ಮೇಜಿನ ಮೇಲೆ ಕೂರುತ್ತದೆ, ಅಷ್ಟೇ. ಚುಕ್ಕೆ ಇರುವುದಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು. ಅದರ ಬೆನ್ನಿಗೆ ಸದಸ್ಯರು ಮತ್ತೆ ಕೇಳಬಹುದು. ಅಧಿಕಾರಿಗಳು ಬರೆದುಕೊಟ್ಟ ಹಾಳೆ ಅಲ್ಲಿಗೆ ಮುಗಿದಿರುತ್ತದೆ. ಇಲಾಖೆಯನ್ನು ಮಂತ್ರಿಗಳು ಎಷ್ಟು ಬಲ್ಲರು ಎಂಬುದು ಬಯಲಾಗುವ ಕ್ಷಣ ಅದು.

ಈ ಉಪಪ್ರಶ್ನೆಯ ಹಕ್ಕು ಪುಕ್ಕಟೆಯಾಗಿ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆ ನಮ್ಮೆಲ್ಲರಿಗೂ ಹೆಮ್ಮೆಯದು, ಆದರೆ ಅದು ಸಲಹಾ ಸಭೆ. ಊರಿನ ಅಹವಾಲನ್ನು ಮುಂದಿಡಬಹುದಿತ್ತು. ದಿವಾನರನ್ನು ಕಟ್ಟಿಹಾಕುವ ಅಧಿಕಾರ ಅದಕ್ಕಿರಲಿಲ್ಲ. ಬ್ರಿಟಿಷ್ ಇಂಡಿಯಾದ ಶಾಸನಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಸಿಕ್ಕಿದ್ದು 1892ರ ಕಾಯ್ದೆಯಿಂದ. 1893ರ ಫೆಬ್ರವರಿ 16ರಂದು ಭಿಂಗಾದ ರಾಜರು ಕೇಳಿದ ಮೊದಲ ಪ್ರಶ್ನೆ ಯಾವುದರ ಬಗ್ಗೆ ಗೊತ್ತೇ? ಅಧಿಕಾರಿಗಳು ಪ್ರವಾಸ ಬಂದಾಗ ಅವರಿಗೆ ಸಾಮಾನು ಸರಂಜಾಮು ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಯವರು ಪಡುತ್ತಿದ್ದ ಕಷ್ಟದ ಬಗ್ಗೆ. ರಾಜತಾಂತ್ರಿಕ ವಿಷಯವಲ್ಲ, ಯುದ್ಧವಲ್ಲ, ಹಳ್ಳಿಯ ಅಂಗಡಿ. ಆದರೆ ಆಗ ಕೇಳಿ ಕೂರಬೇಕಿತ್ತು, ಮರುಪ್ರಶ್ನೆಗೆ ಅವಕಾಶವಿರಲಿಲ್ಲ. 1909ರ ಸುಧಾರಣೆಯಲ್ಲಿ ಪ್ರಶ್ನೆ ಕೇಳಿದವರಿಗೆ ಮಾತ್ರ ಉಪಪ್ರಶ್ನೆಯ ಹಕ್ಕು ಸಿಕ್ಕಿತು, 1919ರ ಸುಧಾರಣೆಯಲ್ಲಿ ಎಲ್ಲ ಸದಸ್ಯರಿಗೂ. ಪರಕೀಯ ಸರ್ಕಾರದಿಂದ ಒಂದೊಂದೇ ಮೆಟ್ಟಿಲು ಗೆದ್ದು ಪಡೆದ ಹಕ್ಕಿದು.

ಅದನ್ನು ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಯಾವಾಗಲೂ ನೆನೆಯುವುದು 1957ರ ಲೋಕಸಭೆಯನ್ನು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಜೀವ ವಿಮಾ ನಿಗಮ ಪಾಲಿಸಿದಾರರ ಸುಮಾರು ಒಂದೂಕಾಲು ಕೋಟಿ ರೂಪಾಯಿಯನ್ನು ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರಿಗೆ ಹಾಕಿತ್ತು. ಸೆಪ್ಟೆಂಬರಿನಲ್ಲಿ ಈ ಬಗ್ಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರದಲ್ಲಿ ಹುರುಳಿರಲಿಲ್ಲ. ನೀವಾಗಿದ್ದರೆ ಅಂದೇ 'ಪ್ರಯೋಜನವಿಲ್ಲ' ಎಂದು ಬರೆಯುತ್ತಿದ್ದಿರೇನೋ. ಸದಸ್ಯರು ಬಿಡಲಿಲ್ಲ, ಮತ್ತೆ ಕೇಳಿದರು. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಚರ್ಚೆ ಎತ್ತಿದರು. ಅವರು ಆಳುವ ಪಕ್ಷದವರೇ, ಪ್ರಧಾನಿಯ ಅಳಿಯ ಬೇರೆ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣಾ ಆಯೋಗ ಬಂತು, 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮಂತ್ರಿಯ ಕೊಠಡಿಯಲ್ಲಿ ಚಹಾ ಕುಡಿಯುತ್ತಾ ಈ ವಿಷಯ ಎತ್ತಿದ್ದರೆ ಪಾಲಿಸಿದಾರರಿಗೆ ತಮ್ಮ ಹಣ ಎಲ್ಲಿ ಹೋಯಿತೆಂಬುದೇ ತಿಳಿಯುತ್ತಿರಲಿಲ್ಲ.

ಈ ಹಕ್ಕನ್ನು ಹಾಳುಗೆಡವಿದವರೂ ಸದನದೊಳಗೇ ಇದ್ದಾರೆ. ಹಣ ತೆಗೆದುಕೊಂಡು ಪ್ರಶ್ನೆ ಕೇಳಿದ್ದಕ್ಕಾಗಿ 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಉಚ್ಚಾಟಿಸಬೇಕಾಯಿತು. 2009ರ ನವೆಂಬರ್ 30ರಂದು ಲೋಕಸಭೆಯಲ್ಲಿ ಸಭಾಧ್ಯಕ್ಷರು ಒಬ್ಬೊಬ್ಬರದೇ ಹೆಸರು ಕರೆದರೆ ಪ್ರಶ್ನೆ ಹಾಕಿದವರೇ ಇಲ್ಲ. ಗಂಟೆ ಪೂರ್ತಿಯಾಗುವ ಮೊದಲೇ ಪ್ರಶ್ನೋತ್ತರ ವೇಳೆ ಮುಗಿದುಹೋಯಿತು. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಲಿಖಿತ ಉತ್ತರ ಉಳಿಯಿತು, ಉಪಪ್ರಶ್ನೆ ಹೋಯಿತು. ದೇಶಕ್ಕೆ ದೇಶವೇ ಆಸ್ಪತ್ರೆಯ ಹಾಸಿಗೆ ಹುಡುಕುತ್ತಿದ್ದ ಕಾಲದಲ್ಲಿ ಆರೋಗ್ಯ ಮಂತ್ರಿಗಳನ್ನು ನಿಲ್ಲಿಸಿ ಮರುಪ್ರಶ್ನೆ ಕೇಳುವ ಆ ವೇಳೆ ಇಲ್ಲವಾದದ್ದು ಸಣ್ಣ ನಷ್ಟವಲ್ಲ. ಇನ್ನು ಸದನದ ಬಾವಿಗಿಳಿದು ಘೋಷಣೆ ಕೂಗಿ ಕಲಾಪ ಮುಂದೂಡುವುದಂತೂ ಎಲ್ಲ ಪಕ್ಷಗಳ ರೂಢಿಯಾಗಿದೆ. ಗದ್ದಲದಿಂದ ಮಂತ್ರಿಗಳಿಗೆ ಆಗುವ ಉಪಕಾರ ಬೇರಾವುದರಿಂದಲೂ ಆಗುವುದಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗಳೆಲ್ಲ ಅವತ್ತು ಮೇಜಿನ ಮೇಲಿಟ್ಟ ಕಾಗದವಾಗಿಬಿಡುತ್ತವೆ.

ಈಗ ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ. ಉತ್ತರದ ಪ್ರತಿ ನಿಮ್ಮ ಕೈಯಲ್ಲಿದೆ. ವಿಧಾನಸಭೆಯ ಜಾಲತಾಣದಲ್ಲೂ ಉತ್ತರಗಳನ್ನು ಹಾಕುತ್ತಾರೆ. ನಿಮ್ಮ ಶಾಸಕರನ್ನು ಕಂಡು, 'ಪರಿಶೀಲನೆಯಲ್ಲಿದೆ' ಎಂಬ ಮಾತನ್ನು ಭರವಸೆಗಳ ಸಮಿತಿಯ ಗಮನಕ್ಕೆ ಬರವಣಿಗೆಯಲ್ಲಿ ತರಲು ಹೇಳಿ. ನಿಯೋಜನೆಯ ಆದೇಶಗಳ ಪ್ರತಿಗೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಯಮದಂತೆ 30 ದಿನದೊಳಗೆ ಉತ್ತರ ಬರಬೇಕು. ಬಂದ ಆದೇಶದ ಸಂಖ್ಯೆ, ದಿನಾಂಕಗಳನ್ನು ಶಾಸಕರ ಕೈಗೆ ಕೊಟ್ಟರೆ ಮುಂದಿನ ಅಧಿವೇಶನದ ಉಪಪ್ರಶ್ನೆ ತಾನಾಗಿ ಸಿದ್ಧವಾಗುತ್ತದೆ. ಕೈಯಲ್ಲಿ ದಾಖಲೆ ಹಿಡಿದು ಕೇಳುವ ಸದಸ್ಯರಿಗೂ ಕೇಳಿದ್ದನ್ನೇ ಕೇಳುವ ಸದಸ್ಯರಿಗೂ ಇರುವ ವ್ಯತ್ಯಾಸ ಮಂತ್ರಿಗಳಿಗೆ ಮೊದಲ ವಾಕ್ಯದಲ್ಲೇ ಗೊತ್ತಾಗುತ್ತದೆ.

ನಮ್ಮ ಪುಟಗಳ ಬಗ್ಗೆ ಒಂದು ಮಾತು. ಪ್ರಶ್ನೋತ್ತರಕ್ಕೆ ಕೊಡುವ ಜಾಗವನ್ನು ಕಡಿಮೆ ಮಾಡುವುದಿಲ್ಲ. ಇಷ್ಟು ದಿನ ಪ್ರಶ್ನೆ, ಉತ್ತರ ಎರಡನ್ನು ಮಾತ್ರ ಹಾಕುತ್ತಿದ್ದೆವು. ಮುಂದಿನ ಸಂಚಿಕೆಯಿಂದ ಹಳೆಯ ಭರವಸೆಗಳಲ್ಲಿ ಈಡೇರಿದ್ದು, ಈಡೇರದ್ದು ಯಾವುವು ಎಂಬುದನ್ನೂ ದಿನಾಂಕ ಸಮೇತ ಪ್ರಕಟಿಸುತ್ತೇವೆ. ನಿಮ್ಮ ತಾಲ್ಲೂಕು ಆಸ್ಪತ್ರೆಯದು ಅದರಲ್ಲಿ ಮೊದಲನೆಯದು. ಮಾಹಿತಿ ಹಕ್ಕಿನ ಉತ್ತರ ಕೈಸೇರಿದ ಕೂಡಲೇ ನಮಗೊಂದು ಪ್ರತಿ ಕಳಿಸಿಕೊಡಿ.

– ಸಂಪಾದಕ