ಒಟ್ಟು ಐಜಿಇ ಸಹಜವಿದ್ದರೂ ಕಣ್ಣಿನ ಅಲರ್ಜಿ ಇರಬಹುದು

ಮಗನ ಕಣ್ಣು ವರ್ಷವಿಡೀ, ಅದರಲ್ಲೂ ಬೆಳಿಗ್ಗೆ ಏಳುವಾಗ, ತುರಿಸುತ್ತಿದ್ದರೂ ರಕ್ತದಲ್ಲಿ ಒಟ್ಟು ಐಜಿಇ (ಅಲರ್ಜಿಯಲ್ಲಿ ಪಾತ್ರವಹಿಸುವ ಪ್ರತಿಕಾಯ) ಸಹಜವಾಗಿದೆ, ಹಾಗಾದರೆ ಅಲರ್ಜಿ ಇಲ್ಲವೆನ್ನಬಹುದೇ ಎಂದು ಕೇಳಿದ್ದೀರಿ, ಹಾಗೆನ್ನಲು ಬರುವುದಿಲ್ಲ. ಒಟ್ಟು ಪ್ರಮಾಣ ಮಿತಿಯೊಳಗಿದ್ದರೂ ಧೂಳುಹುಳ, ಜಿರಳೆ, ಬೆಕ್ಕಿನ ಚರ್ಮದ ಹೊಟ್ಟು ಅಥವಾ ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಹುಲುಸಾಗಿ ಬೆಳೆಯುವ ಪಾರ್ಥೇನಿಯಂನ ಪರಾಗದ ವಿರುದ್ಧ ನಿರ್ದಿಷ್ಟ ಐಜಿಇ ಪ್ರತಿಕಾಯ ಇರಬಹುದು, ಅದನ್ನು ಬೇರೆಯಾಗಿಯೇ ಅಳೆಯಬೇಕಾಗುತ್ತದೆ. ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅನುಮಾನ ಮೊದಲು ಹಾಸಿಗೆ, ದಿಂಬಿನ ಧೂಳುಹುಳದ ಮೇಲೆಯೇ. ಇದನ್ನು ರಕ್ತದಲ್ಲಿ ಅಥವಾ ಚರ್ಮದ ಚುಚ್ಚು ಪರೀಕ್ಷೆಯಿಂದ (ಅಲರ್ಜಿಕಾರಕದ ಹನಿಯಿಟ್ಟು ಚರ್ಮವನ್ನು ಲಘುವಾಗಿ ಚುಚ್ಚಿ) ನೋಡಬಹುದು. ಚುಚ್ಚು ಪರೀಕ್ಷೆಗೆ ಮುನ್ನ ಸೆಟಿರಿಜಿನ್‌ನಂತಹ ಅಲರ್ಜಿ ಮಾತ್ರೆಗಳನ್ನು, ವೈದ್ಯರನ್ನು ಕೇಳಿ, ಸುಮಾರು ಒಂದು ವಾರ ನಿಲ್ಲಿಸಬೇಕು. ರಕ್ತಪರೀಕ್ಷೆಗೆ ಆ ಕಟ್ಟುಪಾಡಿಲ್ಲ. ಹತ್ತಾರು ವಸ್ತುಗಳನ್ನು ಒಟ್ಟಿಗೆ ಪರೀಕ್ಷಿಸುವ ದುಬಾರಿ ಪ್ಯಾನೆಲ್ ಬೇಡ, ಪಾಸಿಟಿವ್ ಬಂದದ್ದೆಲ್ಲ ರೋಗಕಾರಣವಲ್ಲ. ಮಕ್ಕಳಲ್ಲಿ ಕಾಣುವ ವರ್ನಲ್ ಕಾಯಿಲೆಯಲ್ಲಿ (ಅಲರ್ಜಿ ಬಗೆಯ ತೀವ್ರ ಕಣ್ಣಿನ ಉರಿಯೂತ) ಈ ಪರೀಕ್ಷೆಗಳೆಲ್ಲ ನೆಗೆಟಿವ್ ಬರುವುದೂ ಉಂಟಾದ್ದರಿಂದ, ನೇತ್ರವೈದ್ಯರು ಮೇಲ್ರೆಪ್ಪೆ ಮಗುಚಿ ಒಳಗೆ ಗಂಟುಗಳಿವೆಯೇ ಎಂದು ನೋಡುವುದು ಮೊದಲು ಆಗಲಿ.