ಅಸಮಾಧಾನವು ಸ್ವಾತಂತ್ರ್ಯದ ಬೇಡಿಕೆಯಾಗುವುದು ಯಾವಾಗ?

ಭಾರವಾದ ತೆರಿಗೆ, ಅಧಿಕಾರಿಗಳ ದರ್ಪ, ಬರಗಾಲ ಇವೆಲ್ಲ ದೇಶೀಯ ಅರಸರ ಕಾಲದಲ್ಲೂ ಇದ್ದವು; ಹಾಗಿದ್ದಮೇಲೆ ವಸಾಹತು ಆಳ್ವಿಕೆಯಲ್ಲಿ ಮಾತ್ರ ಜನರ ಅಸಮಾಧಾನ ಸ್ವಾತಂತ್ರ್ಯ ಹೋರಾಟವಾಗಿ ಬೆಳೆದದ್ದು ಹೇಗೆ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನವನಾದ್ದರಿಂದ ಕನ್ನಡ ನಾಡಿನ ಉದಾಹರಣೆಗಳಿಂದಲೇ ಉತ್ತರಿಸುತ್ತೇನೆ. ನನ್ನ ಅಭಿಪ್ರಾಯದಲ್ಲಿ ಕಷ್ಟ ಹೆಚ್ಚಾದ ಮಾತ್ರಕ್ಕೆ ಹೋರಾಟ ಹುಟ್ಟುವುದಿಲ್ಲ. ಕಷ್ಟಕ್ಕೆ ಯಾರು ಹೊಣೆ ಎಂಬುದು ಸ್ಪಷ್ಟವಾಗಿ, ಅವರ ಬಳಿ ಅಹವಾಲು ಹೇಳಿಕೊಂಡು ಪ್ರಯೋಜನವಿಲ್ಲ ಎಂಬುದು ಖಚಿತವಾದ ಮೇಲೆ ಅದು ಹುಟ್ಟುತ್ತದೆ.

1830ರಲ್ಲಿ ಮಲೆನಾಡಿನ ನಗರ (ಹಿಂದಿನ ಬಿದನೂರು) ಸೀಮೆಯಲ್ಲಿ ನಡೆದ ನಗರ ದಂಗೆಯನ್ನು ನೋಡಿ. ಶ್ರೀರಂಗಪಟ್ಟಣ ಬಿದ್ದ 1799ರಿಂದ ಮೈಸೂರು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕಟ್ಟಬೇಕಿತ್ತು. ಇಂತಿಷ್ಟು ಕಂದಾಯ ವಸೂಲು ಮಾಡಿಯೇ ತೀರುತ್ತೇವೆಂದು ತಾಲ್ಲೂಕಿನ ಕಂದಾಯ ಅಧಿಕಾರಿಗಳಾದ ಅಮಲ್ದಾರರು ಮೊದಲೇ ಕರಾರು ಬರೆದುಕೊಡುತ್ತಿದ್ದುದರಿಂದ, ಮಳೆ ಬಂದರೂ ಬಾರದಿದ್ದರೂ ಆ ಮೊತ್ತ ರೈತನ ತಲೆಯ ಮೇಲೆಯೇ ಬೀಳುತ್ತಿತ್ತು. ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯ ನಿಲ್ಲಿಸಿದರು. ಆದರೆ ಅವರ ಕಣ್ಣಿಗೆ ಬಿದ್ದ ಶತ್ರು ಅಮಲ್ದಾರನೇ ಹೊರತು ಪೊಗದಿ ಪಡೆಯುತ್ತಿದ್ದ ಕಂಪನಿಯಲ್ಲ. ಅವರು ಮುಂದಿಟ್ಟ ಪರಿಹಾರವೂ ನಗರದ ಹಳೆಯ ಅರಸುಮನೆತನದವನೆಂದು ಹೇಳಿಕೊಂಡ ಬೂದಿ ಬಸವಪ್ಪನನ್ನು ಪಟ್ಟಕ್ಕೇರಿಸುವುದಾಗಿತ್ತು. ಕೊನೆಗೆ ಲಾಭವಾದದ್ದು ಕಂಪನಿಗೇ: ದಂಗೆಯನ್ನೇ ನೆಪಮಾಡಿಕೊಂಡು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಅದನ್ನು ಒಡೆಯರ ಮನೆತನಕ್ಕೆ ಮರಳಿಸಿದ್ದು 1881ರಲ್ಲಿ.

ಇದಾದ ನೂರು ವರ್ಷಗಳ ನಂತರ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳಲ್ಲಿಯೂ ರೈತರು ಕರ ನಿರಾಕರಿಸಿದರು. ಬೆಳೆ ಕೈಕೊಟ್ಟ ಸಂಕಟ ಅಲ್ಲಿಯೂ ಇತ್ತು, ನಿಜ; ಆದರೂ ಕರ ಹೆಚ್ಚಾಯಿತು ಎಂಬುದಷ್ಟೇ ಅವರ ವಾದವಾಗಿರಲಿಲ್ಲ, ಅದನ್ನು ಕೇಳುವ ಹಕ್ಕೇ ಈ ಬ್ರಿಟಿಷ್ ಸರ್ಕಾರಕ್ಕಿಲ್ಲ ಎಂಬ ಮಟ್ಟಕ್ಕೆ ಮಾತು ಹೋಗಿತ್ತು. ಜಮೀನು ಜಪ್ತಿಯಾದರೂ ಮಣಿಯದ ಕುಟುಂಬಗಳಿದ್ದವು. ಬರಿಯ ಕಂದಾಯದ ಲೆಕ್ಕಾಚಾರದಿಂದ ಆ ಹಟವನ್ನು ವಿವರಿಸಲಾಗದು.

ಈ ನೂರು ವರ್ಷಗಳಲ್ಲಿ ಬದಲಾದದ್ದೇನು? ದೇಶದ ಸಂಪತ್ತು ಇಂಗ್ಲೆಂಡಿಗೆ ಹೇಗೆ ಹರಿದುಹೋಗುತ್ತಿದೆ ಎಂಬುದನ್ನು ದಾದಾಭಾಯಿ ನವರೋಜಿಯವರಂಥವರು ಅಂಕಿ ಅಂಶಗಳ ಸಮೇತ ತೋರಿಸಿದ್ದರು. ಪತ್ರಿಕೆಗಳು ಆ ವಾದವನ್ನು ಊರೂರಿಗೆ ಒಯ್ದಿದ್ದವು. 1885ರಲ್ಲಿ ಹುಟ್ಟಿದ ಕಾಂಗ್ರೆಸ್ಸು ಮೊದಲ ಎರಡು ದಶಕ ಮಾಡಿದ್ದು ಬಹುಮಟ್ಟಿಗೆ ಮನವಿ ಸಲ್ಲಿಸುವ ಕೆಲಸವನ್ನೇ, ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ ಎಂದೇ ನಾನು ಹೇಳುತ್ತೇನೆ. ಮನವಿಗಳೆಲ್ಲ ಕಸದ ಬುಟ್ಟಿ ಸೇರಿ, 1905ರಲ್ಲಿ ಬಂಗಾಳ ಇಬ್ಭಾಗವಾಗಿ, ಮೊದಲ ಮಹಾಯುದ್ಧದಲ್ಲಿ ನೆರವಾದ ದೇಶಕ್ಕೆ 1919ರಲ್ಲಿ ರೌಲತ್ ಕಾಯ್ದೆಯೂ ಜಲಿಯನ್‌ವಾಲಾಬಾಗಿನ ಗುಂಡುಗಳೂ ಸಿಕ್ಕಿದ ಮೇಲೆ, ಆ ದಾರಿಯನ್ನು ನಂಬಿದ್ದ ಸೌಮ್ಯವಾದಿಗಳಿಗೂ ಹೇಳಲು ಹೆಚ್ಚೇನೂ ಉಳಿಯಲಿಲ್ಲ.

ಬೆಂಗಳೂರಿನ ಕಥೆ ಇನ್ನಷ್ಟು ಜಟಿಲ. ಪೇಟೆಯಲ್ಲಿ ಮಹಾರಾಜರ ಸರ್ಕಾರ, ದಂಡಿನಲ್ಲಿ (ಕಂಟೋನ್ಮೆಂಟಿನಲ್ಲಿ) ಬ್ರಿಟಿಷರ ನೇರ ಆಡಳಿತ. ಇಂದಿನ ರಾಜಭವನವೇ ಬ್ರಿಟಿಷರ ಪ್ರತಿನಿಧಿಯಾಗಿದ್ದ ಅಂದಿನ ರೆಸಿಡೆಂಟರ ನಿವಾಸ. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಜನ ಮನಸಾರೆ ಗೌರವಿಸುತ್ತಿದ್ದುದರಿಂದ ಇಲ್ಲಿ ಅಸಮಾಧಾನ ಯಾರ ವಿರುದ್ಧ ತಿರುಗಬೇಕೆಂಬುದೇ ಬಹಳ ಕಾಲ ತೀರ್ಮಾನವಾಗಲಿಲ್ಲ. ಒಳ್ಳೆಯ ಆಡಳಿತ ಹೋರಾಟವನ್ನು ತಡಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ, ಆದರೆ ತಡೆಯಲಾರದು ಎಂಬುದಕ್ಕೆ 1938ರ ಏಪ್ರಿಲ್ ಸಾಕ್ಷಿ. ಆ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ಕಾಂಗ್ರೆಸ್ ಧ್ವಜ ಏರಿಸಲಾಯಿತು. 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜಗಳ ಹೊತ್ತಿದ್ದು ತೆರಿಗೆಯಿಂದಲ್ಲ, ಬಾವುಟದಿಂದ ಎಂಬುದನ್ನು ಗಮನಿಸಿ. ಆಮೇಲೆ ಸರ್ದಾರ್ ಪಟೇಲರೊಡನೆ ಮಾತುಕತೆಯಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ದಿವಾನ್ ಮಿರ್ಜಾ ಇಸ್ಮಾಯಿಲರು ಒಪ್ಪಬೇಕಾಯಿತು.

ದಂಡು ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಆದರೆ ಆಗಸ್ಟ್ 15 ಕಳೆದರೂ ಸಂಸ್ಥಾನದಲ್ಲಿ ಚುನಾಯಿತರ ಕೈಗೆ ಅಧಿಕಾರ ಬರಲಿಲ್ಲ. ಆದ್ದರಿಂದ ಜನ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಮತ್ತೆ ಬೀದಿಗಿಳಿದರು, ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ರಚನೆಯಾಗುವವರೆಗೂ ಆ ಚಳವಳಿ ನಡೆಯಿತು.