100 ಕಿ.ಮೀ. ಅಲ್ಟ್ರಾ ಓಟ: ದೇಹಕ್ಕೆ ಬೀಳುವ ಪೆಟ್ಟಿಗೆ ತಕ್ಕದ್ದು ಏನಾದರೂ ಸಿಗುತ್ತಾ?

ನಿಮ್ಮ ಪ್ರಶ್ನೆ ಹೀಗಿದೆ: ಮಣಿಪಾಲದಲ್ಲಿ ಕೆಲಸ, ವಯಸ್ಸು 34, ಫುಲ್ ಮ್ಯಾರಥಾನ್ (42 ಕಿ.ಮೀ.) ಆಗಿದೆ, ಈಗ ಗೆಳೆಯರ ಜತೆ 100 ಕಿ.ಮೀ. ಅಲ್ಟ್ರಾಕ್ಕೆ, ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ, ಹೆಸರು ಕೊಡುವ ಯೋಚನೆ. ಮನೆಯಲ್ಲಿ "ಮೊಣಗಂಟು ಹೋಗ್ತದೆ, ಹಾರ್ಟಿಗೆ ಏನಾದ್ರೂ ಆಗ್ತದೆ" ಅಂತ ಗಲಾಟೆ. ದೇಹಕ್ಕೆ ಇಷ್ಟು ಹಿಂಸೆ ಕೊಟ್ಟು ಓಡುವುದರಲ್ಲಿ ಏನಾದರೂ ಇದೆಯಾ ಅಂತ ಕೇಳಿದ್ದೀರಿ.

ಆರೋಗ್ಯಕ್ಕಾಗಿ ಅಂತಾದರೆ ಬೇಡ. ಅದಕ್ಕೆ ವಾರದಲ್ಲಿ ನಾಲ್ಕು ದಿನ ಐದಾರು ಕಿ.ಮೀ. ಓಡಿದರೆ ಧಾರಾಳ ಆಯಿತು. ಇಷ್ಟ ಅಂತಾದರೆ 50, 80 ಕಿ.ಮೀ. ತನಕ ನನ್ನ ಪ್ರಕಾರ ಅಡ್ಡಿಯಿಲ್ಲ. 100ಕ್ಕೆ ಹೋಗಬೇಕಾದರೆ ನಿಮ್ಮ ಸ್ವಭಾವ ಎಂಥದ್ದು ಅಂತ ನೋಡಬೇಕು. ಎರಡು ರಾತ್ರಿ ನಿದ್ದೆಗೆಟ್ಟು ಓಡುವ 160, 200 ಕಿ.ಮೀ. ಓಟಗಳು ನನಗಂತೂ ಬೇಡ, ನಿಮಗೂ ಶಿಫಾರಸು ಮಾಡುವುದಿಲ್ಲ.

ನಾನು ಸುರತ್ಕಲ್‌ನವನು. ಡಾಕ್ಟರ್ ಅಲ್ಲ. 50, 80 ಓಡಿದ್ದೇನೆ, ನೂರನ್ನೂ ಮುಗಿಸಿದ್ದೇನೆ. ಆದರೆ ಓಡಿದ್ದಕ್ಕಿಂತ ಜಾಸ್ತಿ ರಾತ್ರಿ ಕಳೆದಿರುವುದು ಘಟ್ಟದ ಮೇಲಿನ ಓಟಗಳಲ್ಲಿ ವಾಲಂಟಿಯರ್ ಆಗಿ, ನೀರು, ಚಾ, ಬಾಳೆಹಣ್ಣು ಕೊಡುವ ಟೆಂಟಿನಲ್ಲಿ. ಅಲ್ಲಿ ಕೂತು ನೋಡಿದ್ದೇ ನನಗೆ ಜಾಸ್ತಿ ಕಲಿಸಿದೆ.

ಮೊದಲು ಮೊಣಗಂಟಿನ ವಿಷಯ. ನಿಮ್ಮ ಮನೆಯವರು ಹೇಳುವುದು ಅರ್ಧ ಸರಿ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದ್ದಾರೆ. ಹವ್ಯಾಸಕ್ಕೆ ಓಡುವವರಲ್ಲಿ ಮೊಣಗಂಟು, ಸೊಂಟದ ಸವೆತ 3.5 ಶೇಕಡಾ. ಓಡದೆ ಕೂತೇ ಇರುವವರಲ್ಲಿ 10.2. ಸ್ಪರ್ಧೆಗೇ ಅಂತ ವರ್ಷಗಟ್ಟಲೆ ಓಡುವವರಲ್ಲಿ 13.3. ಅಂದರೆ ನಿಮ್ಮ ಅಪ್ಪ ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಾ ನಿಮಗೆ ಬುದ್ಧಿ ಹೇಳುತ್ತಿದ್ದರೆ, ಅವರ ಮೊಣಗಂಟೇನೂ ಸೇಫ್ ಅಲ್ಲ. ಆದರೆ ನೀವು ಹವ್ಯಾಸದ ಗುಂಪಿನಿಂದ ಮೂರನೇ ಗುಂಪಿನ ಕಡೆಗೆ ಹೊರಟಿದ್ದೀರಿ ಅನ್ನುವುದೂ ನಿಜ.

ಇನ್ನು ದೂರದ ಓಟಕ್ಕೆ ದೇಹ ಏನು ಮಾಡುತ್ತದೆ ಅಂತ ನೋಡಲು ಒಂದು ಒಳ್ಳೆಯ ಉದಾಹರಣೆ ಉಂಟು. 2009ರಲ್ಲಿ ಇಟಲಿಯ ಬಾರಿಯಿಂದ ನಾರ್ವೆಯ ತುದಿ ನಾರ್ತ್ ಕೇಪ್‌ವರೆಗೆ ಒಂದು ಓಟ ನಡೆಯಿತು. 64 ದಿನ, ಸುಮಾರು 4,487 ಕಿ.ಮೀ., ಮಧ್ಯೆ ಒಂದು ದಿನವೂ ರಜೆ ಇಲ್ಲ. ಜರ್ಮನಿಯ ಸಂಶೋಧಕರು ಲಾರಿಯೊಂದರಲ್ಲಿ ಎಂಆರ್‌ಐ ಯಂತ್ರ ಹೇರಿಕೊಂಡು ಓಟಗಾರರ ಹಿಂದೆಯೇ ಹೋದರು. ಓಟದ ಅವಧಿಯಲ್ಲಿ ಮೆದುಳಿನ ಬೂದು ಭಾಗ ಸುಮಾರು 6 ಶೇಕಡಾ ಕುಗ್ಗಿತ್ತು. ಎಂಟು ತಿಂಗಳ ನಂತರ ನೋಡಿದರೆ ಮೊದಲಿನಷ್ಟೇ ಆಗಿತ್ತು. ಪಾದದ ಗಂಟುಗಳ ಕಾರ್ಟಿಲೇಜ್ (ಎಲುಬುಗಳ ತುದಿಯ ಮೆತ್ತೆ) ಮೊದಲ ಒಂದೂವರೆಯಿಂದ ಎರಡೂವರೆ ಸಾವಿರ ಕಿ.ಮೀ.ಗೆ ಕೆಟ್ಟಂತೆ ಕಂಡು, ಆಮೇಲೆ ಓಡುತ್ತಿರುವಾಗಲೇ ಚೇತರಿಸಿಕೊಳ್ಳಲು ಶುರುವಾಯಿತು. ಇದನ್ನು ಮೊದಲು ಓದಿದಾಗ ನಾನು ನಂಬಿರಲಿಲ್ಲ.

ಹಾಗಂತ ಖುಷಿಪಡಬೇಡಿ. ಅಲ್ಲಿಗೆ ಹೋದವರು ವರ್ಷಾನುಗಟ್ಟಲೆ ಓಡಿ ಹದ ಆದವರು.

ನನ್ನ ಅನುಭವದಲ್ಲಿ ಅಲ್ಟ್ರಾದಲ್ಲಿ ನೋಯುವ ಜಾಗ ಒಂದು, ಅಪಾಯ ಇರುವ ಜಾಗ ಇನ್ನೊಂದು. ಒಂದು ರಾತ್ರಿ, ಎರಡೂವರೆ ಗಂಟೆ ಇರಬಹುದು. 70ನೇ ಕಿ.ಮೀ. ಹತ್ತಿರದ ಟೆಂಟು. ನಲವತ್ತರ ಆಸುಪಾಸಿನ ಒಬ್ಬರು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತರು. ಶೂ ಬಿಚ್ಚಲು ಬಗ್ಗಲಾಗಲಿಲ್ಲ, ನಾನೇ ಬಿಚ್ಚಿದೆ. ಸಾಕ್ಸ್ ಒದ್ದೆಯಾಗಿ ಅಂಟಿಕೊಂಡಿತ್ತು. ಎಳೆದಾಗ ಹಿಮ್ಮಡಿಯ ಗುಳ್ಳೆಯ ಚರ್ಮವೂ ಜತೆಗೇ ಬಂತು. ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿ ಅಲ್ಲಾಡುತ್ತಿತ್ತು. ನೋಡುವವರಿಗೆ ಇದೇ ಭಯಂಕರ. ಉಗುರು ಹೋದರೆ ಮತ್ತೆ ಬರುತ್ತದೆ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. "ಮೂತ್ರಕ್ಕೆ ಯಾವಾಗ ಹೋದ್ರಿ ಸರ್?" ಅಂತ ಕೇಳಿದೆ. "ಸಂಜೆ ಹೋದದ್ದು." "ಬಣ್ಣ?" "ಹಾಲು ಹಾಕದ ಚಾ ಉಂಟಲ್ಲ, ಹಾಗೆ." ಆಮೇಲೆ ಜೇಬಿನಿಂದ ನೋವಿನ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದರು. "ಇದು ಖಾಲಿ. ನಿಮ್ಮಲ್ಲಿ ಇದ್ಯಾ?"

ಆ ಬಣ್ಣ ಕಂಡರೆ ಓಟ ಅಲ್ಲಿಗೆ ಮುಗಿಯಬೇಕು. ಗಂಟೆಗಟ್ಟಲೆ ಓಡುವಾಗ, ಅದರಲ್ಲೂ ಇಳಿಜಾರಿನಲ್ಲಿ, ತೊಡೆಯ ಸ್ನಾಯು ಒಡೆಯುತ್ತದೆ. ಅದರೊಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಸೋಸುವ ಕೆಲಸ ಕಿಡ್ನಿಯದ್ದು. ಆದರೆ ಮೈಯಲ್ಲಿ ನೀರು ಕಡಿಮೆ, ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗಿದೆ. ಅದರ ಮೇಲೆ ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗಿದರೆ ಕಿಡ್ನಿಗೆ ಹೋಗುವ ರಕ್ತ ಇನ್ನೂ ಇಳಿಯುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 80 ಕಿ.ಮೀ. ಓಡಿದವರಲ್ಲಿ ಅರ್ಧ ಜನರಿಗೆ ಐಬುಪ್ರೊಫೇನ್, ಉಳಿದವರಿಗೆ ಸುಮ್ನೆ ಡಮ್ಮಿ ಮಾತ್ರೆ ಕೊಟ್ಟು ನೋಡಿದ್ದರು. ಕಿಡ್ನಿಗೆ ಪೆಟ್ಟು ಬಿದ್ದದ್ದು ಡಮ್ಮಿ ತಿಂದವರಲ್ಲಿ 34 ಶೇಕಡಾ, ಐಬುಪ್ರೊಫೇನ್ ತಿಂದವರಲ್ಲಿ 52. ಮಾತ್ರೆ ಇಲ್ಲದೆಯೇ ಮೂರರಲ್ಲಿ ಒಬ್ಬರಿಗೆ! ಇಂಥ ಪೆಟ್ಟು ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಸರಿಯಾಗುತ್ತದೆ. ಆಗದವರು ಡಯಾಲಿಸಿಸ್ ತನಕ ಹೋಗುವುದೂ ಉಂಟು.

ಆ ಸರ್‌ನ್ನು ಡಾಕ್ಟರ್ ಅಲ್ಲಿಂದಲೇ ಆಂಬುಲೆನ್ಸ್ ಹತ್ತಿಸಿದರು. ಡ್ರಿಪ್ ಹಾಕಿ ಸರಿಯಾಯಿತಂತೆ. ಆದರೆ ಟೆಂಟಿನಿಂದ ಹೊರಡುವಾಗ ಮಾಡಿದ ಜಗಳ ನನಗೆ ಇನ್ನೂ ನೆನಪಿದೆ. "ಇನ್ನು ಮೂವತ್ತೇ ಕಿಲೋಮೀಟರ್ ಮಾರಾಯ್ರೆ, ನಡ್ಕೊಂಡಾದ್ರೂ ಹೋಗ್ತೇನೆ." ಅವರನ್ನು ಅಲ್ಲಿಗೆ ತಂದದ್ದು 70 ಕಿ.ಮೀ. ಅಲ್ಲ, ಈ ಮಾತು.

ನಮ್ಮ ಕರಾವಳಿಯವರಿಗೆ ಇನ್ನೊಂದು ತಾಪತ್ರಯ ಬೆವರು. ಪಣಂಬೂರು, ಮಲ್ಪೆ ಕಡೆ ಬೆಳಿಗ್ಗೆ ಐದಕ್ಕೆ ಓಡಿದರೂ ಅರ್ಧ ಗಂಟೆಯಲ್ಲಿ ಬನಿಯನ್ ಹಿಂಡಬಹುದು. ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಆರದ ಬೆವರಿನಿಂದ ಮೈ ತಂಪಾಗುವುದಿಲ್ಲ. ಅದಕ್ಕೇ ಇಲ್ಲಿ ನಿಧಾನ ಓಡಿದರೂ ಹಾರ್ಟ್ ರೇಟ್ ಮೇಲೆ ಕೂತಿರುತ್ತದೆ. ತೊಡೆ ಸಂದಿ ಉಜ್ಜಿ ಸುಲಿದು, ಸ್ನಾನಕ್ಕೆ ನೀರು ಸುರಿದಾಗ ಬೊಬ್ಬೆ ಹೊಡೆಯದವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ. ವ್ಯಾಸಲೀನ್ ಇಟ್ಟುಕೊಳ್ಳಿ, ನಾಚಿಕೆ ಬೇಡ.

ಇಷ್ಟು ಬೆವರುತ್ತೇವಲ್ಲ ಅಂತ ಸಿಕ್ಕಲ್ಲೆಲ್ಲ ನೀರು ಕುಡಿಯುವುದೂ ಅಪಾಯ. ಬರೀ ನೀರು ಅತಿಯಾಗಿ ಹೋದರೆ ರಕ್ತದ ಸೋಡಿಯಂ (ಉಪ್ಪಿನ ಅಂಶ) ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗೆ ಇಳಿಯುತ್ತದೆ. ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಆಮೇಲೆ ತಲೆ ಕೆಟ್ಟವರ ಹಾಗೆ ಮಾತು. ನೋಡಿದವರು ನೀರು ಕಮ್ಮಿಯಾಗಿದೆ ಅಂದುಕೊಂಡು ಇನ್ನೊಂದು ಬಾಟಲಿ ಕುಡಿಸುತ್ತಾರೆ. ಅದರಿಂದ ಸತ್ತವರಿದ್ದಾರೆ. ಉಪ್ಪಿನ ಮಾತ್ರೆ ತಿಂದರೆ ಎಷ್ಟು ನೀರಾದರೂ ಕುಡಿಯಬಹುದು ಅನ್ನುವುದೂ ತಪ್ಪು. ಬಾಯಾರಿದಾಗ, ಬಾಯಾರಿದಷ್ಟು. ಅಷ್ಟೇ.

ಹೊಟ್ಟೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐವತ್ತು ಅರವತ್ತು ಕಿ.ಮೀ. ದಾಟಿದ ಮೇಲೆ ಸಿಹಿ ಜೆಲ್ ನೋಡಿದರೇ ವಾಕರಿಕೆ ಬರುತ್ತದೆ. ಬಹಳ ಜನ ಓಟ ಬಿಡುವುದು ಕಾಲಿನಿಂದಲ್ಲ, ಹೊಟ್ಟೆಯಿಂದ. ನಾನು ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿ ತೆಳ್ಳಗೆ ಮಾಡಿ, ಉಪ್ಪು ಹಾಕಿ, ಒಂದು ಚೂರು ಮಾವಿನ ಉಪ್ಪಿನಕಾಯಿ ಜತೆ ಇಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಓಟಗಾರರು ಮೊದಲು ನಗುತ್ತಾರೆ, ಆಮೇಲೆ ಕಪ್ ಹಿಡಿದುಕೊಂಡು ಬರುತ್ತಾರೆ.

ಹಾರ್ಟಿನ ವಿಷಯ ಎರಡೂ ಕಡೆ ಇದೆ. ಸ್ವೀಡನ್‌ನಲ್ಲಿ ವಾಸಾಲೋಪೆಟ್ ಅಂತ 90 ಕಿ.ಮೀ. ಸ್ಕೀ ಓಟ ಉಂಟು, ಅದರಲ್ಲಿ ಭಾಗವಹಿಸಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಸಾಮಾನ್ಯ ಜನರಿಗೆ ಹೋಲಿಸಿದರೆ ಅವರಲ್ಲಿ ಸಾವು ಕಡಿಮೆ. ಆದರೆ ಅವರವರಲ್ಲೇ ನೋಡಿದರೆ, ಜಾಸ್ತಿ ಸಲ ಓಡಿದವರಲ್ಲಿ, ಜಾಸ್ತಿ ವೇಗದವರಲ್ಲಿ ಎದೆಬಡಿತದ ಏರುಪೇರು ಹೆಚ್ಚು. ಹಾಗಾಗಿ ನಾಲ್ಕು ವರ್ಷಕ್ಕೊಂದು 100 ಓಡುವುದೂ ವರ್ಷಕ್ಕೆ ನಾಲ್ಕು ಓಡುವುದೂ ಒಂದೇ ಅಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹಾರ್ಟ್ ತೊಂದರೆ ಆಗಿದ್ದರೆ ಇಸಿಜಿ, ಎಕೋ ಮಾಡಿಸದೆ ಹೆಸರು ಕೊಡಬೇಡಿ.

ನಿದ್ದೆ ಇಲ್ಲದೆ ಓಡಿದರೆ ಇಲ್ಲದ್ದು ಕಾಣುತ್ತದೆ. ಕಾಫಿ ಗಿಡದ ಹಿಂದೆ ಯಾರೋ ಕೂತಿದ್ದಾರೆ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ಅದು ತಮಾಷೆ. ತಮಾಷೆಯಲ್ಲದ್ದು ಏನೆಂದರೆ, ಓಟ ಮುಗಿಸಿ ಮೆಡಲ್ ಹಾಕಿಕೊಂಡು ಅದೇ ದಿನ ಕಾರು ತೆಗೆದು ಚಾರ್ಮಾಡಿ ಇಳಿದು ಮಂಗಳೂರಿಗೆ ಬರುವುದು. ಇಡೀ ಅಲ್ಟ್ರಾದಲ್ಲಿ ಅತಿ ಅಪಾಯದ ಭಾಗ ಅದೇ ಅಂತ ನನ್ನ ಅಭಿಪ್ರಾಯ. ಓಡದವರು ಒಬ್ಬರು ಡ್ರೈವ್ ಮಾಡಲಿ, ಇಲ್ಲಾಂದ್ರೆ ಅಲ್ಲೇ ಮಲಗಿ ಮಾರನೇ ದಿನ ಬನ್ನಿ.

ಚಳಿಯ ಬಗ್ಗೆ ಕರಾವಳಿಯವರಿಗೆ ಅಂದಾಜೇ ಇರುವುದಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಬೆಟ್ಟದ ಓಟ ನಡೆಯುವಾಗ ಹವೆ ಒಮ್ಮೆಲೇ ಬದಲಾಗಿ ಆಲಿಕಲ್ಲು, ಮಳೆ, ಬಿರುಗಾಳಿ ಬಂತು. 21 ಜನ ಸತ್ತರು. ಹಲವರ ಮೈಮೇಲೆ ಇದ್ದದ್ದು ಚಡ್ಡಿ, ತೆಳು ಟೀಶರ್ಟ್. ಸತ್ತವರಲ್ಲಿ ಲಿಯಾಂಗ್ ಜಿಂಗ್ ಇದ್ದರು, ಆ ದೇಶದ ಅತ್ಯುತ್ತಮ ಅಲ್ಟ್ರಾ ಓಟಗಾರರಲ್ಲಿ ಒಬ್ಬರು. ನಮ್ಮ ಪಶ್ಚಿಮ ಘಟ್ಟ ಅಷ್ಟು ಕ್ರೂರ ಅಲ್ಲ. ಆದರೂ ಒದ್ದೆ ಮೈಯಲ್ಲಿ ರಾತ್ರಿ ಗಾಳಿಗೆ ನಿಂತರೆ ಹಲ್ಲು ಕಟಕಟ ಅನ್ನುತ್ತದೆ.

ಮನೆಯವರ ಮೇಲೆ ಬೀಳುವ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಶನಿವಾರ ರಾತ್ರಿ ಒಂಬತ್ತಕ್ಕೆ ಮಲಗಬೇಕು. ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಹೊರಟರೆ ಬರುವುದು ಹತ್ತಕ್ಕೆ. ಆಮೇಲೆ ಮದುವೆಗೆ ಹೋದರೆ ಪಂಕ್ತಿಯಲ್ಲೇ ತೂಕಡಿಕೆ. ನನ್ನ ಹೆಂಡತಿ ನೇರವಾಗಿ ಹೇಳಿದ್ದಾಳೆ, "ನಿಮ್ಮ ಕಾಲಿನ ಚಿಂತೆ ನನಗಿಲ್ಲ, ಭಾನುವಾರ ನಮಗೂ ಬೇಕು." ಈ ಒಂದು ಮಾತಿಗೇ ನಾನು ನೂರರಿಂದ ಐವತ್ತಕ್ಕೆ ಇಳಿದದ್ದು, ಕಿಡ್ನಿಗೆ ಹೆದರಿ ಅಲ್ಲ.

ಹಾಗಾದರೆ ಯಾಕೆ ಓಡುವುದು? ದೊಡ್ಡ ಮಾತೇನೂ ನನ್ನ ಹತ್ತಿರ ಇಲ್ಲ. ಅಲ್ಟ್ರಾ ಅಂದರೆ ಅರ್ಧ ನಡಿಗೆ. ಏರಿನಲ್ಲಿ ಎಲ್ಲರೂ ನಡೆಯುತ್ತಾರೆ, ಮಾತಾಡುತ್ತಾರೆ, ಗುರುತಿಲ್ಲದವರು ಉಪ್ಪು ಹಚ್ಚಿದ ಸೌತೆಕಾಯಿ ಹಂಚುತ್ತಾರೆ. ಡಾಂಬರಿನಲ್ಲಿ ಟೈಮ್ ನೋಡುತ್ತಾ ಜೋರಾಗಿ ಓಡುವ ಫುಲ್ ಮ್ಯಾರಥಾನ್‌ಗಿಂತ ಮಣ್ಣಿನ ದಾರಿಯ 50 ಕಿ.ಮೀ. ನನ್ನ ಕಾಲಿಗೆ ಹಗುರ. ಇಡೀ ದಿನ ಫೋನ್ ಇಲ್ಲ, ಆಫೀಸ್ ಇಲ್ಲ, ಮುಂದಿನ ಟೆಂಟ್ ಎಲ್ಲಿ ಅನ್ನುವುದೊಂದೇ ಯೋಚನೆ. ಆ ಸುಖ ನನಗೆ 40ನೇ ಕಿ.ಮೀ.ಯಲ್ಲೂ ಸಿಕ್ಕಿತ್ತು, 90ರಲ್ಲೂ ಅಷ್ಟೇ ಇತ್ತು. ಜಾಸ್ತಿ ಆಗಲಿಲ್ಲ. ನೋವು ಮಾತ್ರ ಜಾಸ್ತಿ ಆಯಿತು.

ನಿಮ್ಮ ಸ್ವಭಾವ ನೋಡಬೇಕು ಅಂದೆನಲ್ಲ, ಅದು ಇಷ್ಟೇ: 85ನೇ ಕಿ.ಮೀ.ಯಲ್ಲಿ ಯಾರಾದರೂ "ಸಾಕು ನಿಲ್ಲಿಸಿ" ಅಂದರೆ ನಿಲ್ಲಿಸುವವರಾ ನೀವು? ಹೌದು ಅಂತಾದರೆ 100ಕ್ಕೆ ತಯಾರಾಗಬಹುದು, ಮಧ್ಯೆ ಒಂದು 50 ಮುಗಿಸಿಕೊಂಡು. ಅನುಮಾನ ಇದ್ದರೆ ಬೇಡ. ಫೀಸ್ ಕಟ್ಟಿದ್ದೇನೆ, ಗೆಳೆಯರು ಏನಂದುಕೊಳ್ಳುತ್ತಾರೆ, ಸ್ಟೇಟಸ್ ಹಾಕಿ ಆಗಿದೆ ಅಂತ ಮಾತ್ರೆ ನುಂಗಿ ಓಡುವವರಿಗೆ ಈ ಓಟ ಹೇಳಿದ್ದಲ್ಲ.

ಇದು ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಈ ಸಲ ಓಡಲು ಹೆಸರು ಕೊಡಬೇಡಿ, ವಾಲಂಟಿಯರ್ ಆಗಿ ಹೋಗಿ. ಚಿಕ್ಕಮಗಳೂರಿನ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಥರದ ಓಟಗಳು ನಡೆಯುತ್ತವೆ, ರಾತ್ರಿ ಟೆಂಟಿನಲ್ಲಿ ಕೂರಲು ಜನ ಯಾವಾಗಲೂ ಬೇಕಾಗುತ್ತದೆ. ಕೊನೆಯ ಮೂವತ್ತು ಕಿ.ಮೀ.ಯ ಯಾವುದಾದರೂ ಟೆಂಟು ಕೇಳಿ ತೆಗೆದುಕೊಳ್ಳಿ. ಸಾಧ್ಯವಾದರೆ ಮನೆಯಿಂದ ಒಬ್ಬರನ್ನೂ ಕರೆದುಕೊಂಡು ಹೋಗಿ, ಅವರಿಗೂ ಗೊತ್ತಾಗಲಿ. ಸ್ವೆಟರ್ ಮರೆಯಬೇಡಿ, ಮಣಿಪಾಲದಲ್ಲಿ ಹಾಕುವಂಥದ್ದಲ್ಲ, ದಪ್ಪದ್ದು.